ಬರಿಮೈಗೆ ಮಿದುಳು ಒಗ್ಗಿಕೊಳ್ಳುವ ಬಗೆ

ಬಟ್ಟೆ ತೊಡದೆ ಬಿಸಿಲಿಗೆ ಮೈಯೊಡ್ಡುವ, ಈಜುವ, ಕುಳಿತು ಹರಟುವ ಕಡಲತೀರಗಳಿಗೋ ಶಿಬಿರಗಳಿಗೋ ಮೊದಲ ಸಲ ಹೋಗಬೇಕೆಂದಿರುವವರು ಕೇಳುವ ಪ್ರಶ್ನೆಗಳನ್ನು ಸೋಸಿ ನೋಡಿದರೆ ಬೆರಳೆಣಿಕೆಯಷ್ಟೇ ಉಳಿಯುತ್ತವೆ. ಎಲ್ಲರೂ ನನ್ನನ್ನೇ ದಿಟ್ಟಿಸಿದರೆ? ನನ್ನ ಹೊಟ್ಟೆ, ಮೈಮೇಲಿನ ಕಲೆ, ಶಸ್ತ್ರಚಿಕಿತ್ಸೆಯ ಗುರುತು ಕಂಡು ಒಳಗೊಳಗೇ ನಕ್ಕರೆ? ಗಂಡಸರಾದರೆ, ಎಲ್ಲರೆದುರು ಉದ್ರೇಕಗೊಂಡುಬಿಟ್ಟರೆ? ಕುಳಿತುಕೊಳ್ಳುವ ಜಾಗ ಚೊಕ್ಕಟವಾಗಿರುತ್ತದೆಯೇ? ಪೊಲೀಸರು ಹಿಡಿಯುವುದಿಲ್ಲವೇ? ಇವಕ್ಕೆಲ್ಲ ಸಾಮಾನ್ಯವಾಗಿ ಸಿಗುವ ಉತ್ತರ, "ಹೆದರಬೇಡಿ, ಸ್ವಲ್ಪ ಹೊತ್ತಿಗೆ ಅಭ್ಯಾಸವಾಗುತ್ತದೆ" ಎಂಬ ಒಂದೇ ಮಾತು. ಮಾತು ನಿಜವೇ. ಆದರೆ ಆ ಸ್ವಲ್ಪ ಹೊತ್ತಿನಲ್ಲಿ ನರಮಂಡಲದೊಳಗೆ ಏನು ನಡೆಯುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಮತ್ತು ಮೇಲಿನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರ ಇರುವುದು ಅಲ್ಲಿಯೇ.

ಅದನ್ನು ಅರಿಯಲು ಅಪ್ಲೀಸಿಯಾ ಎಂಬ, ಬಸವನಹುಳುವಿನ ಬಳಗದ ಕಡಲ ಗೊಂಡೆಹುಳುವಿನ ಬಳಿಗೆ ಹೋಗಬೇಕು. ಅದರ ಬೆನ್ನಿನ ಮೇಲೆ ಉಸಿರಾಟದ ಕಿವಿರು, ಅದರ ಪಕ್ಕದಲ್ಲಿ ನೀರನ್ನು ಹೊರಗೆ ಬಿಡುವ ಒಂದು ಪುಟ್ಟ ನಾಳ. ಆ ನಾಳವನ್ನು ಮೃದುವಾಗಿ ಮುಟ್ಟಿದರೆ ಜೀವಿ ಬೆಚ್ಚಿದಂತೆ ಕಿವಿರನ್ನು ಸರ್ರನೆ ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ಮುಟ್ಟಿದರೆ ಮತ್ತೆ ಎಳೆದುಕೊಳ್ಳುತ್ತದೆ, ಆದರೆ ಈ ಸಲ ತುಸು ಕಡಿಮೆ. ಹತ್ತು ಸಲ ಮುಟ್ಟುವಷ್ಟರಲ್ಲಿ ಕಿವಿರು ಅಲುಗಿದಂತೆ ಮಾಡಿ ಸುಮ್ಮನಾಗುತ್ತದೆ. ನರವಿಜ್ಞಾನಿ ಎರಿಕ್ ಕಾಂಡೆಲ್ ಮತ್ತು ಅವರ ಸಂಗಡಿಗರು ಈ ಸಣ್ಣ ಬದಲಾವಣೆಯ ಬೆನ್ನುಹತ್ತಿ, ಅದು ಯಾವ ನರಕೋಶದಲ್ಲಿ ನಡೆಯುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಿದರು. ಕಾಂಡೆಲ್ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಈ ಹಾದಿಯ ಸಂಶೋಧನೆಗೇ. ಸ್ಪರ್ಶವನ್ನು ಗ್ರಹಿಸುವ ನರಕೋಶವು ಕಿವಿರಿನ ಸ್ನಾಯುವನ್ನು ಆಳುವ ನರಕೋಶಕ್ಕೆ ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುತ್ತದೆ. ಒಂದೇ ಸ್ಪರ್ಶ ಯಾವ ಕೇಡನ್ನೂ ತರದೆ ಮರುಕಳಿಸುತ್ತಿದ್ದರೆ, ಪ್ರತಿ ಸಲವೂ ಹೊರಬೀಳುವ ಆ ರಾಸಾಯನಿಕದ ಪ್ರಮಾಣ ಇಳಿಯುತ್ತ ಹೋಗುತ್ತದೆ. ಸ್ನಾಯು ದಣಿದಿರಬಹುದಲ್ಲವೇ ಎಂದರೆ, ಇಲ್ಲ: ಜೀವಿಯ ಬಾಲಕ್ಕೊಂದು ವಿದ್ಯುತ್ ಆಘಾತ ಕೊಟ್ಟರೆ ಸಾಕು, ಮುಂದಿನ ಸ್ಪರ್ಶಕ್ಕೆ ಅದು ಮತ್ತೆ ಮೊದಲಿನಂತೆಯೇ ಬೆಚ್ಚುತ್ತದೆ. ದಿನಕ್ಕೆ ಹತ್ತು ಸ್ಪರ್ಶದಂತೆ ನಾಲ್ಕು ದಿನ ಅಭ್ಯಾಸ ಮಾಡಿಸಿದರೆ, ಬೆಚ್ಚದಿರುವ ಗುಣ ವಾರಗಟ್ಟಲೆ ಉಳಿಯುತ್ತದೆ.

ಗೊಂಡೆಹುಳುವಿಗೂ ನಾಚುವ ಮನುಷ್ಯನಿಗೂ ಎತ್ತಣ ಸಂಬಂಧ ಎಂದು ಕೇಳಬಹುದು. ಮಾಸ್ಕೋದ ಮನೋವಿಜ್ಞಾನಿ ಎವ್ಗೆನಿ ಸೊಕೊಲೊವ್ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮನುಷ್ಯರ ಮೇಲೆ ನಡೆಸಿದ ಅಧ್ಯಯನಗಳು ಆ ಸೇತುವೆಯನ್ನು ಕಟ್ಟಿಕೊಡುತ್ತವೆ. ಅನಿರೀಕ್ಷಿತವಾದದ್ದು ಎದುರಾದಾಗ ನಮ್ಮ ಕಣ್ಣು ಅತ್ತ ಹೊರಳುತ್ತದೆ, ಪಾಪೆ ಹಿಗ್ಗುತ್ತದೆ, ಅಂಗೈ ಬೆವರುತ್ತದೆ, ಎದೆಬಡಿತದ ಲಯ ಬದಲಾಗುತ್ತದೆ. ಸೊಕೊಲೊವ್ ಅವರ ವಿವರಣೆಯ ಪ್ರಕಾರ ಮಿದುಳು ಸುತ್ತಲಿನ ಜಗತ್ತಿನ ಒಂದು ನಕಾಶೆಯನ್ನು ಸದಾ ಇಟ್ಟುಕೊಂಡಿದ್ದು, ಬರುವ ಪ್ರತಿಯೊಂದು ಸಂವೇದನೆಯನ್ನೂ ಅದರೊಡನೆ ತಾಳೆ ನೋಡುತ್ತದೆ. ತಾಳೆಯಾಗದಿದ್ದಾಗ ಮಾತ್ರ ಗಮನದ ಗಂಟೆ ಬಾರಿಸುತ್ತದೆ. ಹೊಸ ಗೋಡೆ ಗಡಿಯಾರದ ಟಿಕ್ ಟಿಕ್ ಮೊದಲ ರಾತ್ರಿ ನಿದ್ದೆಗೆಡಿಸಿ, ನಂತರ ಕೇಳಿಸುವುದನ್ನೇ ನಿಲ್ಲಿಸಿ, ಕೊನೆಗೆ ಅದು ನಿಂತುಹೋದ ಕ್ಷಣದಲ್ಲಿ ಮಾತ್ರ ಮತ್ತೆ ಗಮನಕ್ಕೆ ಬರುವುದು ಇದೇ ಕಾರಣದಿಂದ.

ಬಟ್ಟೆ ತೊಟ್ಟು ಬಾಳುವ ಸಮಾಜದಲ್ಲಿ ಇನ್ನೊಬ್ಬರ ಬರಿಮೈ ಕಣ್ಣಿಗೆ ಬೀಳುವುದು ಮಲಗುವ ಕೋಣೆಯಲ್ಲಿ ಅಥವಾ ಆಸ್ಪತ್ರೆಯಲ್ಲಿ. ಆದ್ದರಿಂದ ನಕಾಶೆಯಲ್ಲಿ ಬರಿಮೈಗೆ ಇರುವ ಅರ್ಥಗಳೂ ಅವೆರಡೇ: ಕಾಮ ಅಥವಾ ಕಾಯಿಲೆ. ಐವತ್ತು ಜನ ಬಟ್ಟೆಯಿಲ್ಲದೆ ಪುಸ್ತಕ ಓದುತ್ತ, ಚೆಂಡಾಡುತ್ತ, ಸಣ್ಣಪುಟ್ಟದಕ್ಕೆ ಜಗಳವಾಡುತ್ತ ಇರುವ ದಂಡೆಗೆ ಕಾಲಿಟ್ಟಾಗ ಮೊದಲ ಕೆಲವು ನಿಮಿಷ ಪ್ರತಿ ದೇಹವೂ ಗಂಟೆ ಬಾರಿಸುತ್ತದೆ. ಕಾಮವೂ ಅಲ್ಲ, ಕಾಯಿಲೆಯೂ ಅಲ್ಲ ಎಂಬ ಮಾಹಿತಿ ಮತ್ತೆ ಮತ್ತೆ ಬಂದಂತೆ ನಕಾಶೆ ತಿದ್ದಿಕೊಳ್ಳುತ್ತದೆ, ಗಂಟೆ ಮೆತ್ತಗಾಗುತ್ತದೆ. ಇದರಲ್ಲಿ ಮನೋಬಲದ ಪಾತ್ರ ಏನೂ ಇಲ್ಲ. ಧೈರ್ಯವಂತರಿಗೆ ಮಾತ್ರ ಸಾಧ್ಯ ಎಂಬುದು ಶುದ್ಧ ತಪ್ಪು ಕಲ್ಪನೆ. ಅಂಥ ದಂಡೆಯಲ್ಲಿ ಕೋಟು ಬೂಟು ತೊಟ್ಟು ನಡೆದು ಬರುವವನೇ ಎಲ್ಲರ ಕಣ್ಣು ಸೆಳೆಯುತ್ತಾನೆ, ಏಕೆಂದರೆ ತಿದ್ದಿದ ನಕಾಶೆಯಲ್ಲಿ ಈಗ ತಾಳೆಯಾಗದವನು ಅವನು.

ಗಂಡಸರು ಪಿಸುದನಿಯಲ್ಲಿ ಕೇಳುವ ಪ್ರಶ್ನೆಗೂ ಇದೇ ಉತ್ತರದ ಅರ್ಧ ಭಾಗ ಸಲ್ಲುತ್ತದೆ. ಪ್ರಯೋಗಾಲಯಗಳಲ್ಲಿ ಒಂದೇ ಕಾಮೋದ್ದೀಪಕ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದಾಗ ಉದ್ರೇಕ ಇಳಿಯುತ್ತ ಹೋಗುವುದನ್ನು ಅಳೆದು ನೋಡಲಾಗಿದೆ. ಉಳಿದರ್ಧ ಇರುವುದು ಅಂಜಿಕೆಯಲ್ಲಿ. ಶಿಶ್ನ ನಿಮಿರಲು ರಕ್ತನಾಳಗಳು ಸಡಿಲಗೊಳ್ಳಬೇಕು. ಅಂಜಿಕೆಯಾದಾಗ ಚುರುಕಾಗುವ ಅನುವೇದಕ ನರವ್ಯೂಹ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಮೂಲಕ ಅವನ್ನು ಬಿಗಿಯುತ್ತದೆ. ಅಂದರೆ ಮೊದಲ ದಿನದ ಅಳುಕೇ ಆ ಮುಜುಗರಕ್ಕೆ ತಡೆಯಾಗಿರುತ್ತದೆ. ಹಾಗಿದ್ದೂ ಅಪರೂಪಕ್ಕೆ ಆದರೆ ಬೋರಲು ಮಲಗುವುದು, ಟವೆಲ್ ಹೊದ್ದುಕೊಳ್ಳುವುದು ಅಥವಾ ತಣ್ಣೀರಿಗಿಳಿಯುವುದು ರೂಢಿ. ತಾನಾಗಿ ಆದದ್ದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಬೇಕೆಂದೇ ಪ್ರದರ್ಶಿಸಿದವನನ್ನು ಹೊರಗೆ ಕಳಿಸುತ್ತಾರೆ.

ಇನ್ನು, ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂಬ ಭಯ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಹೋದ್ಯೋಗಿಗಳು ಒಂದು ಸೊಗಸಾದ ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಯೊಬ್ಬನಿಗೆ, ತೊಡಲು ನಾಚಿಕೆಯಾಗುವಂತೆ ಒಬ್ಬ ಗಾಯಕನ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಇತರರು ಕುಳಿತಿದ್ದ ಕೋಣೆಗೆ ಕಳಿಸಿ, ಎಷ್ಟು ಜನ ಆ ಚಿತ್ರವನ್ನು ಗುರುತಿಸಿರಬಹುದು ಎಂದು ಆಮೇಲೆ ಕೇಳಿದರು. ತೊಟ್ಟವರ ಅಂದಾಜು ಹೆಚ್ಚುಕಡಿಮೆ ಅರ್ಧದಷ್ಟು ಜನ; ನಿಜಕ್ಕೂ ಗುರುತಿಸಿದವರು ಅದರ ಅರ್ಧದಷ್ಟೇ. ನಮ್ಮ ಗಮನ ನಮ್ಮ ಮೇಲೆಯೇ ನೆಟ್ಟಿರುವುದರಿಂದ ಊರಿನ ಗಮನವೂ ಅಲ್ಲಿಯೇ ಇದೆಯೆಂದು ಭ್ರಮಿಸುತ್ತೇವೆ. ಇನ್ನೊಬ್ಬರು ನಮ್ಮ ಬಗ್ಗೆ ಏನೆಂದುಕೊಂಡಾರು ಎಂಬ ಆಲೋಚನೆಯೇ ಮುಖವನ್ನು ಕೆಂಪಾಗಿಸುತ್ತದೆ ಎಂದು ಡಾರ್ವಿನ್ 1872ರಲ್ಲೇ ಬರೆದಿದ್ದರು.

ದೇಹದ ಬಗೆಗಿನ ಕೀಳರಿಮೆಗೆ ಬರಿಮೈ ಮದ್ದೇ? ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಸಂಸ್ಥೆಯ ಕಿಯಾನ್ ವೆಸ್ಟ್ 2018ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಇಂಥ ಕೂಟಗಳಿಗೆ ಹೋಗುವವರಿಗೆ ತಮ್ಮ ದೇಹದ ಬಗ್ಗೆ ಹೆಚ್ಚು ಸಮಾಧಾನವಿರುವುದು ಕಂಡುಬಂತು. ಆದರೆ ಮೊದಲೇ ಸಮಾಧಾನವಿದ್ದವರು ಮಾತ್ರ ಅಲ್ಲಿಗೆ ಹೋಗುತ್ತಾರೆ ಎಂಬ ಸಾಧ್ಯತೆ ಇದ್ದೇ ಇರುತ್ತದೆ. ಅದಕ್ಕಾಗಿ 2020ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗದಲ್ಲಿ 51 ಜನರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪು ಬಟ್ಟೆ ತೊಟ್ಟು, ಇನ್ನೊಂದು ತೊಡದೆ ಬೆರೆಯುವಂತೆ ಮಾಡಿದರು. ತೊಡದವರಲ್ಲಿ ತಮ್ಮ ದೇಹದ ಬಗೆಗಿನ ಮೆಚ್ಚುಗೆ ಹೆಚ್ಚಿತು. ಇತರರು ತಮ್ಮ ಮೈಕಟ್ಟನ್ನು ತೂಗುತ್ತಿದ್ದಾರೆ ಎಂಬ ಆತಂಕ ಇಳಿದದ್ದೇ ಅದಕ್ಕೆ ದಾರಿ. ಗುಂಪು ಚಿಕ್ಕದು, ಆದ್ದರಿಂದ ಇದನ್ನೇ ಸಂಜೀವಿನಿಯೆಂದು ಮಾರುವವರನ್ನು ನಂಬಬೇಕಿಲ್ಲ. ಜಾಹೀರಾತಿನ ದೇಹಗಳ ಬದಲು ಇಳಿಬಿದ್ದ, ಸುಕ್ಕುಗಟ್ಟಿದ, ಹೊಲಿಗೆ ಹಾಕಿಸಿಕೊಂಡ ನಿಜವಾದ ದೇಹಗಳು ಹೋಲಿಕೆಗೆ ಸಿಕ್ಕಾಗ ಲೆಕ್ಕ ಬದಲಾಗುವುದು ಮಾತ್ರ ಸಹಜವೆನಿಸುತ್ತದೆ.

ಸಂಜೀವಿನಿಯ ಮಾತು ಬಂದದ್ದರಿಂದ ತುಸು ಇತಿಹಾಸ. ದಾಖಲೆಗೆ ಸಿಕ್ಕ ಮೊದಲ ನಗ್ನತಾವಾದಿ ಸಂಘ ಹುಟ್ಟಿದ್ದು ಯೂರೋಪಿನಲ್ಲಲ್ಲ, ಮುಂಬಯಿಗೆ ಹತ್ತಿರದ ಠಾಣೆಯಲ್ಲಿ, 1891ರಲ್ಲಿ. ಸ್ಥಾಪಕ ಚಾರ್ಲ್ಸ್ ಕ್ರಾಫರ್ಡ್ ಅಲ್ಲಿನ ಬ್ರಿಟಿಷ್ ನ್ಯಾಯಾಧೀಶ. ಸದಸ್ಯರು ಒಟ್ಟು ಮೂವರು. ಕ್ರಾಫರ್ಡ್ ಅವರಿಗೆ ವರ್ಗವಾದೊಡನೆ ಸಂಘವೂ ಮುಗಿಯಿತು. ಚಳವಳಿಯಾಗಿ ಅದು ಬೇರೂರಿದ್ದು ಜರ್ಮನಿಯಲ್ಲಿ. 1903ರಲ್ಲಿ ಅಲ್ಲಿ ಬಟ್ಟೆಯಿಲ್ಲದೆ ಇರಬಹುದಾದ ಮೊದಲ ಬಯಲು ಉದ್ಯಾನ ತೆರೆಯಿತು. ಅದೇ ವರ್ಷ ಬೆಳಕಿನಿಂದ ಚರ್ಮದ ಕ್ಷಯಕ್ಕೆ ಚಿಕಿತ್ಸೆ ಮಾಡಿದ ನೀಲ್ಸ್ ಫಿನ್ಸೆನ್ ಅವರಿಗೆ ನೊಬೆಲ್ ಸಿಕ್ಕಿತು, ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೇಸೀನ್ ಎಂಬ ಬೆಟ್ಟದೂರಿನಲ್ಲಿ ಆಗಸ್ಟ್ ರೋಲಿಯೆ ಕ್ಷಯರೋಗಿಗಳನ್ನು ಬಿಸಿಲಿನಲ್ಲಿ ಮಲಗಿಸುವ ಚಿಕಿತ್ಸಾಲಯ ಆರಂಭಿಸಿದರು. 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ನೇರಳಾತೀತ ಬೆಳಕಿನಿಂದ, ಮಕ್ಕಳ ಎಲುಬು ಮೆತ್ತಗಾಗುವ ರಿಕೆಟ್ಸ್ ರೋಗ ವಾಸಿಯಾಗುವುದನ್ನು ತೋರಿಸಿದರು. ಇಷ್ಟು ಗಟ್ಟಿ ವಿಜ್ಞಾನದ ಪಕ್ಕದಲ್ಲೇ ಬಿಸಿಲು ಎಲ್ಲ ರೋಗವನ್ನೂ ಕಳೆಯುತ್ತದೆ ಎಂಬ ನಂಬಿಕೆಯೂ ಬೆಳೆಯಿತು. ನಾತ್ಸಿಗಳು 1933ರಲ್ಲಿ ಈ ಸಂಘಗಳನ್ನು ಹತ್ತಿಕ್ಕಿದರು. ಯುದ್ಧದ ನಂತರ ಕೇಂದ್ರ ಫ್ರಾನ್ಸಿಗೆ ಜಾರಿತು. ನಗ್ನತಾವಾದಿಗಳ ಅಂತರರಾಷ್ಟ್ರೀಯ ಒಕ್ಕೂಟ 1953ರಲ್ಲಿ ರೂಪುಗೊಂಡದ್ದು ಅಲ್ಲಿನ ಮೊಂತಾಲಿವೆಯಲ್ಲಿ.

ಆ ಕಾಲದ ನಂಬಿಕೆಗಳಲ್ಲಿ ಇಂದಿಗೂ ಸಾಯದೆ ಉಳಿದಿರುವುದು "ಚರ್ಮ ಉಸಿರಾಡಬೇಕು" ಎಂಬುದು. ಚರ್ಮದ ಮೇಲಿನ ಅರ್ಧ ಮಿಲಿಮೀಟರಿಗಿಂತ ತೆಳುವಾದ ಪದರ ಗಾಳಿಯಿಂದ ನೇರವಾಗಿ ಆಮ್ಲಜನಕ ಪಡೆಯುತ್ತದೆ, ಅಷ್ಟೆ. ಇಡೀ ದೇಹದ ಉಸಿರಾಟದಲ್ಲಿ ಅದರ ಪಾಲು ನಗಣ್ಯ, ಮತ್ತು ಅಂಗಿ ಅದಕ್ಕೆ ಅಡ್ಡಿಯೇನೂ ಅಲ್ಲ. ಎರಡನೆಯದು, ಹೆಚ್ಚು ಹೊತ್ತು ಬಿಸಿಲಿಗೆ ಮಲಗಿದಷ್ಟೂ ಹೆಚ್ಚು ಡಿ ಜೀವಸತ್ವ ಎಂಬ ಲೆಕ್ಕ. ಚರ್ಮದಲ್ಲಿರುವ ಒಂದು ಕೊಲೆಸ್ಟೆರಾಲ್ ಜಾತಿಯ ಅಣು 280ರಿಂದ 315 ನ್ಯಾನೊಮೀಟರ್ ತರಂಗಾಂತರದ ಕಿರಣ ತಾಗಿದಾಗ ಡಿ ಜೀವಸತ್ವದ ಪೂರ್ವರೂಪವಾಗುವುದು ನಿಜ. ಆದರೆ ಬಿಸಿಲು ಮುಂದುವರಿದರೆ ಆ ಪೂರ್ವರೂಪವೇ ನಿಷ್ಕ್ರಿಯ ಅಣುಗಳಾಗಿ ಮಾರ್ಪಡತೊಡಗುತ್ತದೆ. ಉತ್ಪಾದನೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಸುಡುವುದು ಮಾತ್ರ ನಿಲ್ಲುವುದಿಲ್ಲ. ಹೊಸಬರು ಸುಟ್ಟುಕೊಳ್ಳುವುದು ಭುಜವನ್ನಲ್ಲ, ಹುಟ್ಟಿದಾಗಿನಿಂದ ಬಿಸಿಲು ಕಾಣದ ಪೃಷ್ಠ, ತೊಡೆಯ ಸಂದು, ಎದೆಗಳನ್ನು, ಏಕೆಂದರೆ ಬಿಸಿಲಿಗೆ ಒಗ್ಗದ ಚರ್ಮದಲ್ಲಿ ರಕ್ಷಣೆ ಕೊಡುವ ಮೆಲನಿನ್ ಎಂಬ ಬಣ್ಣದ ವಸ್ತು ಕಡಿಮೆ, ಹೊರಪದರವೂ ತೆಳು. ವಯಸ್ಕರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 35 ಗ್ರಾಂ ಸನ್‌ಸ್ಕ್ರೀನ್ ಬೇಕು, ಮತ್ತು ಎರಡು ಗಂಟೆಗೊಮ್ಮೆ, ಈಜಿ ಬಂದಾಗಲೆಲ್ಲ ಮತ್ತೆ ಹಚ್ಚಬೇಕು; ಬಹುತೇಕರು ಇದರ ಕಾಲು ಭಾಗವನ್ನೋ ಅರ್ಧವನ್ನೋ ಹಚ್ಚಿ ಸಮಾಧಾನಪಡುತ್ತಾರೆ.

ಚಳಿಯ ಬಗ್ಗೆ ಕೇಳುವವರು ಕಡಿಮೆ, ಅನುಭವಿಸುವವರು ಹೆಚ್ಚು. ಸುಮ್ಮನೆ ಕುಳಿತ ಬರಿಮೈಯ ಮನುಷ್ಯನಿಗೆ ನಡುಗದೆ, ಬೆವರದೆ ಇರಲು ಗಾಳಿ ಸುಮಾರು 28 ಡಿಗ್ರಿ ಸೆಲ್ಸಿಯಸ್ ಇರಬೇಕು. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ಆದ್ದರಿಂದ ಚೀಲದಲ್ಲಿ ಒಂದು ದಪ್ಪ ಅಂಗಿ ಇರಲಿ. ಚಳಿಯಾದಾಗ ಬಟ್ಟೆ ತೊಟ್ಟವರನ್ನು ಯಾರೂ ಹೀಯಾಳಿಸುವುದಿಲ್ಲ. ಮುಟ್ಟಿನ ದಿನಗಳಲ್ಲಿ ಚಡ್ಡಿ ತೊಟ್ಟಿರುವುದಕ್ಕೂ ಹೆಚ್ಚಿನ ಕಡೆ ಆಕ್ಷೇಪವಿಲ್ಲ.

ಚೊಕ್ಕಟದ ಪ್ರಶ್ನೆಗೆ ಉತ್ತರ ಟವೆಲ್. ಯಾವ ಆಸನದ ಮೇಲೂ ತಮ್ಮ ಟವೆಲ್ ಹಾಸದೆ ಕೂರಬಾರದು ಎಂಬುದು ಈ ಜಗತ್ತಿನ ಮೊದಲ ನಿಯಮ. ಆಸ್ಟ್ರೇಲಿಯಾದ ವಿಜ್ಞಾನ ಪ್ರಸಾರಕ ಕಾರ್ಲ್ ಕ್ರುಸೆಲ್ನಿಕಿ ಅವರಿಗಾಗಿ ಒಬ್ಬ ಸೂಕ್ಷ್ಮಜೀವಿ ತಜ್ಞರು ನಡೆಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ: ಸೂಕ್ಷ್ಮಜೀವಿಗಳನ್ನು ಬೆಳೆಸುವ ಎರಡು ಪೆಟ್ರಿ ತಟ್ಟೆಗಳ ಮೇಲೆ ಒಬ್ಬನಿಂದ, ಒಂದಕ್ಕೆ ಬಟ್ಟೆ ತೊಟ್ಟು, ಇನ್ನೊಂದಕ್ಕೆ ಕಳಚಿ, ಹೂಸು ಬಿಡಿಸಿದರು, ಕಳಚಿದ ತಟ್ಟೆಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಬೆಳೆದವು. ಅವು ನಿರುಪದ್ರವಿಗಳಾಗಿದ್ದವು, ಆದರೂ ಟವೆಲ್ಲಿನ ಪರವಾಗಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇತ್ತ, ಬಟ್ಟೆ ತೊಟ್ಟವರಿಗಷ್ಟೇ ಇರುವ ತೊಂದರೆಯೂ ಒಂದಿದೆ. ಕೂರೆಗಳು, ಅಂದರೆ ಮೈಹೇನುಗಳು, ವಾಸಿಸುವುದು, ಮೊಟ್ಟೆಯಿಡುವುದು ಬಟ್ಟೆಯ ಹೊಲಿಗೆಗಳಲ್ಲಿ. ಮೈಗೆ ಬರುವುದು ರಕ್ತ ಹೀರಲು ಮಾತ್ರ. ತಲೆಹೇನಿನಿಂದ ಅವು ಕವಲೊಡೆದ ಕಾಲವನ್ನು ವಂಶವಾಹಿಗಳಿಂದ ಅಂದಾಜಿಸಿ, ಮನುಷ್ಯ ಬಟ್ಟೆ ತೊಡಲು ಆರಂಭಿಸಿದ್ದು ಕನಿಷ್ಠ 83,000, ಬಹುಶಃ 1,70,000 ವರ್ಷಗಳ ಹಿಂದೆ ಎಂದು 2011ರ ಅಧ್ಯಯನವೊಂದು ಲೆಕ್ಕ ಹಾಕಿತು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಬರಿಮೈಯಾಗಿರುವುದೇ ಅಪರಾಧವಲ್ಲ. 2003ರ ಕಾಯಿದೆಯ ಪ್ರಕಾರ ಇತರರಿಗೆ ಭಯ ಅಥವಾ ವೇದನೆ ಉಂಟುಮಾಡುವ ಉದ್ದೇಶದಿಂದ ಜನನಾಂಗ ಪ್ರದರ್ಶಿಸಿದರೆ ಅಪರಾಧ. ಸ್ಪೇನಿನ ರಾಷ್ಟ್ರೀಯ ಕಾನೂನು ಸುಮ್ಮನಿದ್ದರೂ ಬಾರ್ಸಿಲೋನಾ ನಗರ 2011ರಲ್ಲಿ ತನ್ನ ಬೀದಿಗಳಲ್ಲಿ ಅದನ್ನು ನಿಷೇಧಿಸಿತು. ಇನ್ನು ಅನೇಕ ದೇಶಗಳಲ್ಲಿ ಇದು ನೇರವಾಗಿ ಶಿಕ್ಷಾರ್ಹ. ಹೋಗುವ ಮೊದಲು ಆ ಸ್ಥಳದ ನಿಯಮವನ್ನು ತಿಳಿದುಕೊಳ್ಳುವುದು ಅವರವರ ಹೊಣೆ.

ಎಲ್ಲ ಕಡೆಯೂ ಅತಿ ಕಟ್ಟುನಿಟ್ಟಾದ ನಿಯಮವೆಂದರೆ ಅನುಮತಿಯಿಲ್ಲದೆ ಚಿತ್ರ ತೆಗೆಯಬಾರದು ಎಂಬುದು. ಗೋಪ್ಯತೆ ಅದರ ಒಂದು ಕಾರಣ ಮಾತ್ರ. ಒಬ್ಬ ಮೊಬೈಲ್ ಎತ್ತಿ ಹಿಡಿದನೆಂದರೆ ಅಪ್ಲೀಸಿಯಾದ ಬಾಲಕ್ಕೆ ತಗುಲಿದ ಆಘಾತದಂತೆಯೇ ಇಡೀ ದಂಡೆಯ ಜನ ಒಮ್ಮೆಲೇ ಬೆಚ್ಚುತ್ತಾರೆ, ಮರೆತಿದ್ದ ಮೈ ನೆನಪಾಗುತ್ತದೆ, ಕೈಗಳು ಟವೆಲ್ಲಿನತ್ತ ಹೋಗುತ್ತವೆ. ಮತ್ತೆ ಮೊದಲಿನಿಂದ ಒಗ್ಗಿಕೊಳ್ಳಬೇಕು. ಅದಕ್ಕಾಗಿಯೇ ಹೊಸಬರಿಗೆ ಹಳಬರು ಕೊಡುವ ಸೂಚನೆಗಳಲ್ಲಿ ಮುಖ್ಯವಾದದ್ದು, ಫೋನು ಚೀಲದಿಂದ ಹೊರಗೆ ಬರಬಾರದು ಎಂಬುದು.