ಜಲ್ಲಿ ರಸ್ತೆಗೆ ಟ್ರ್ಯಾಕ್ಟರಿನ ಹಿಂದೆ ಏನು ಕಟ್ಟಬೇಕು?

ಹೆಬ್ರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಒಂದು ಅಕ್ಟೋಬರಿನಲ್ಲಿ ನನ್ನನ್ನು ಕರೆಸಿದರು. ಡಾಂಬರು ರಸ್ತೆಯಿಂದ ಅವರ ಅಂಗಳಕ್ಕೆ ಎರಡೂವರೆ ಕಿಲೋಮೀಟರ್ ಜಲ್ಲಿ ರಸ್ತೆ. ರಬ್ಬರ್ ತೋಟ ದಾಟಿ, ಗುಡ್ಡೆ ಇಳಿದು, ತೋಡಿನ ಮೋರಿ ಹಾದು ಬರಬೇಕು. ಮಳೆ ಮುಗಿದ ಮೇಲೆ ಅದು ರಸ್ತೆಯಾಗಿ ಉಳಿದಿರಲಿಲ್ಲ. ನಡುವಿನಲ್ಲಿ ನೀರು ಕೊರೆದ ಕಣಿ, ಎರಡೂ ಕಡೆ ಚಕ್ರದ ಹೊಂಡ. "ಕಲ್ಲೆಲ್ಲ ಎಲ್ಲಿಗೆ ಹೋಯ್ತು ಮಾರಾಯ್ರೆ? ಮೂರು ವರ್ಷದಿಂದ ಲೋಡುಗಟ್ಟಲೆ ಹಾಕ್ತಾ ಇದ್ದೇನೆ" ಎಂದರು. ಅವರ ಪಿಕ್ಕಾಸು ತೆಗೆದುಕೊಂಡು ರಸ್ತೆಯ ಅಂಚಿನ ತರಗೆಲೆ, ಹುಲ್ಲಿನ ಬೇರು ಎಬ್ಬಿಸಿದೆ. ನಾಲ್ಕು ಬೆರಳು ಕೆಳಗೆ ಅವರ ಜಲ್ಲಿ ಅಲ್ಲೇ ಕೂತಿತ್ತು, ಮುರಮಣ್ಣಿನ (ಜಂಬಿಟ್ಟಿಗೆ ಕಲ್ಲಿನ ಕೆಂಪು ಮಣ್ಣು) ಜತೆ ಕಲಸಿಕೊಂಡು.

ಟ್ರ್ಯಾಕ್ಟರಿಗೆ ಯಾವ ಅಟ್ಯಾಚ್‌ಮೆಂಟ್ ಕೊಳ್ಳಬೇಕು ಎಂದು ಕೇಳುವವರಿಗೆಲ್ಲ ನಾನು ಈ ಅಂಚಿನಿಂದಲೇ ಶುರುಮಾಡುತ್ತೇನೆ. ಜಲ್ಲಿ ರಸ್ತೆಯ ಕಲ್ಲಿನಲ್ಲಿ ಹೆಚ್ಚಿನ ಪಾಲು ಎಲ್ಲಿಗೂ ಹೋಗುವುದಿಲ್ಲ. ಚಕ್ರ ಅದನ್ನು ಬದಿಗೆ ದೂಡುತ್ತದೆ, ನೀರು ಕೆಳಗೆ ಎಳೆಯುತ್ತದೆ. ಅದನ್ನು ಮತ್ತೆ ನಡುವಿಗೆ ತಂದು, ನಡು ಎತ್ತರ ಅಂಚು ತಗ್ಗು ಮಾಡಿಕೊಡುವ ಸಾಮಾನು ಮೊದಲು ಬೇಕು. ನಯ ಮಾಡುವ ಸಾಮಾನು ಆಮೇಲೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಷ್ಟು ನೀರಿನ ಎದುರು ಸಪಾಟಾದ ರಸ್ತೆ ಎಂದರೆ ತೋಡಿಗೆ ನಾವೇ ಹಾಸಿಕೊಟ್ಟ ದಾರಿ.

ಆ ಬೆಳೆಗಾರರು ಕೊಂಡಿದ್ದದ್ದು ಬಾಕ್ಸ್ ಬ್ಲೇಡ್. ಹಿಂದೆ, ಬದಿಯಲ್ಲಿ ತಗಡು ಇರುವ ಪೆಟ್ಟಿಗೆ, ಮುಂದೆ ನೆಲ ಕೀಳುವ ಹಲ್ಲುಗಳು. ಗಟ್ಟಿ ಸಾಮಾನು. ಒಂದು ಕಡೆಯ ಮಣ್ಣು ತುಂಬಿಕೊಂಡು ಇನ್ನೊಂದು ಕಡೆ ಸುರಿಯಲು, ಅಂಗಳ ಮಟ್ಟ ಮಾಡಲು ಅದಕ್ಕೆ ಸಾಟಿಯಿಲ್ಲ. ಟಾಪ್ ಲಿಂಕ್ (ಸಾಮಾನನ್ನು ಮೇಲ್ಗಡೆ ಟ್ರ್ಯಾಕ್ಟರಿಗೆ ಹಿಡಿಯುವ ರಾಡ್) ಗಿಡ್ಡ ಮಾಡಿದರೆ ಮುಂದಕ್ಕೆ ಬಾಗಿ ಕಡಿಯುತ್ತದೆ, ಉದ್ದ ಮಾಡಿದರೆ ಹಿಂದಿನ ಅಂಚು ಕೂತು ಸವರುತ್ತದೆ. ಆದರೆ ಉದ್ದ ರಸ್ತೆಯಲ್ಲಿ ಅದಕ್ಕೊಂದು ಕೆಟ್ಟ ಗುಣ ಇದೆ. ಟ್ರ್ಯಾಕ್ಟರಿನ ಮುಂದಿನ ಚಕ್ರ ಹೊಂಡಕ್ಕಿಳಿದಾಗ ಹಿಂದಿನ ಬ್ಲೇಡ್ ಏಳುತ್ತದೆ, ಚಕ್ರ ಎದ್ದಾಗ ಬ್ಲೇಡ್ ಇಳಿದು ಕಚ್ಚುತ್ತದೆ. ಕೈ ಪಳಗಿದ ಡ್ರೈವರ್ ಇಲ್ಲದಿದ್ದರೆ ಇದ್ದ ಒಂದು ಹೊಂಡದ ಪಕ್ಕ ಇನ್ನೆರಡು ಹುಟ್ಟುತ್ತವೆ. ಮೇಲಾಗಿ ಅದು ಕಲ್ಲನ್ನು ಪಕ್ಕಕ್ಕೆ ಸರಿಸುವುದಿಲ್ಲ, ನೇರ ಮುಂದಕ್ಕೆ ಒಯ್ಯುತ್ತದೆ. ಅಂಚಿನ ಜಲ್ಲಿ ಅಂಚಿನಲ್ಲೇ ಉಳಿಯುತ್ತದೆ.

ಹಾಗಾಗಿ ನನ್ನ ಮೊದಲ ಆಯ್ಕೆ ಓರೆಯಾಗಿ ತಿರುಗಿಸಬಹುದಾದ ಹಿಂದಿನ ಬ್ಲೇಡ್. ನಮ್ಮಲ್ಲಿ ಟೆರೇಸರ್ ಬ್ಲೇಡ್, ಲೆವೆಲರ್ ಬ್ಲೇಡ್ ಅಂತ ಸಿಗುವುದು ಇದೇ. ಇದನ್ನು ಆರಿಸುವಾಗ ಅಗಲದ ಲೆಕ್ಕ ತಪ್ಪುವವರು ಬಹಳ. 40 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರಿಗೆ 6 ಅಡಿ ಬ್ಲೇಡ್ ಸಾಕು ಎಂದು ಅಂಗಡಿಯಲ್ಲಿ ಹೇಳುತ್ತಾರೆ. ನೇರ ಇಟ್ಟರೆ ಸಾಕು, ನಿಜ. ಆದರೆ ರಸ್ತೆ ಕೆಲಸಕ್ಕೆ ಅದನ್ನು 30 ಡಿಗ್ರಿಯಾದರೂ ಓರೆ ಮಾಡಬೇಕು. ಆಗ 6 ಅಡಿ ಬ್ಲೇಡ್ ಹಿಡಿಯುವುದು 5 ಅಡಿ 2 ಇಂಚು ಮಾತ್ರ. ಹಿಂದಿನ ಚಕ್ರದ ಗುರುತು ಹಾಗೇ ಬಿಟ್ಟುಹೋಗುತ್ತದೆ. 7 ಅಡಿಯದ್ದಾದರೆ ಓರೆಯಲ್ಲೂ 6 ಅಡಿ ಸಿಗುತ್ತದೆ. ತೋಟದೊಳಗಿನ ಮಿನಿ ಟ್ರ್ಯಾಕ್ಟರಿಗೂ ಇದೇ ಲೆಕ್ಕ: ಎರಡು ಹಿಂದಿನ ಚಕ್ರಗಳ ಹೊರ ಅಳತೆ ಹಿಡಿಯಿರಿ, ಓರೆಗೆ ಕಳೆಯುವುದನ್ನು ಸೇರಿಸಿ ಕೊಳ್ಳಿ.

ಇನ್ನೊಂದು ವಿಷಯ ತೂಕ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಬ್ಲೇಡನ್ನು ಎತ್ತುತ್ತದೆ, ಕೆಳಕ್ಕೆ ಒತ್ತುವುದಿಲ್ಲ. ನೆಲಕ್ಕೆ ಕಚ್ಚುವುದು ಬ್ಲೇಡಿನ ಸ್ವಂತ ಭಾರದಿಂದ. ಬಿಸಿಲಿಗೆ ಒಣಗಿದ ಮುರಮಣ್ಣು ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಅದರ ಮೇಲೆ ಹಗುರ ಬ್ಲೇಡ್ ಜಾರುತ್ತದೆ ಅಷ್ಟೆ. ಬ್ಲೇಡ್ ಚೌಕಟ್ಟಿನ ಮೇಲೆ ಕಬ್ಬಿಣದ ತುಂಡು ಬೋಲ್ಟ್ ಹಾಕಿ ಬಿಗಿಯುವ ಜಾಗ ಇದೆಯೇ ನೋಡಿ. ಆಳನ್ನು ಮೇಲೆ ಕೂರಿಸುವ ಪದ್ಧತಿ ಕೆಲವು ಕಡೆ ಇದೆ, ದಯವಿಟ್ಟು ಬೇಡ. ಬ್ಲೇಡ್ ಕಲ್ಲಿಗೆ ತಾಗಿ ಹಾರಿದರೆ ಮನುಷ್ಯ ಚಕ್ರದ ಕಡೆ ಬೀಳುತ್ತಾನೆ.

ಕೆಲಸ ಮಾಡುವ ಕ್ರಮ ಹೇಳುತ್ತೇನೆ, ಏಕೆಂದರೆ ಸಾಮಾನು ಸರಿಯಿದ್ದೂ ಇಲ್ಲಿ ಎಡವುವವರನ್ನು ನೋಡಿದ್ದೇನೆ. ಬ್ಲೇಡಿನ ಬಲತುದಿ ಮುಂದೆ, ಎಡತುದಿ ಹಿಂದೆ ಬರುವಂತೆ ಓರೆ ಮಾಡಿ. ಬಲಗಡೆಯ ಲೆವೆಲಿಂಗ್ ರಾಡ್ ತಿರುಗಿಸಿ ಬಲತುದಿಯನ್ನು ಸ್ವಲ್ಪ ತಗ್ಗಿಸಿ. ಕೆಳಗಿನ ಎರಡು ತೋಳು ಅತ್ತಿತ್ತ ಅಲ್ಲಾಡದಂತೆ ಹಿಡಿಯುವ ಚೆಕ್ ಚೈನ್ ಬಿಗಿ ಮಾಡಿ, ಇಲ್ಲದಿದ್ದರೆ ಓರೆ ಬ್ಲೇಡ್ ಪಕ್ಕಕ್ಕೆ ಎಳೆದಾಡುತ್ತದೆ. ಹೈಡ್ರಾಲಿಕ್ ಲಿವರ್ ಪೊಸಿಷನ್ ಕಂಟ್ರೋಲಿನಲ್ಲಿರಲಿ, ಎಂದರೆ ಇಟ್ಟ ಎತ್ತರದಲ್ಲೇ ಬ್ಲೇಡ್ ನಿಲ್ಲುವಂತೆ. ಉಳುವಾಗಿನಂತೆ ಡ್ರಾಫ್ಟಿನಲ್ಲಿಟ್ಟರೆ ನೆಲ ಗಟ್ಟಿ ಸಿಕ್ಕಲ್ಲೆಲ್ಲ ಬ್ಲೇಡ್ ತಾನಾಗಿ ಏಳುತ್ತದೆ. ಈಗ ರಸ್ತೆಯ ಬಲ ಅಂಚು ಹಿಡಿದು ಹೋಗಿ. ಅಂಚಿನ ಜಲ್ಲಿ ಬ್ಲೇಡಿನುದ್ದಕ್ಕೂ ಉರುಳುತ್ತ ಎಡಕ್ಕೆ, ಎಂದರೆ ನಡುವಿಗೆ ಬರುತ್ತದೆ. ತಿರುಗಿ ಬರುವಾಗಲೂ ನಿಮ್ಮ ಬಲದ ಅಂಚನ್ನೇ ಹಿಡಿಯಿರಿ, ಸೆಟ್ಟಿಂಗ್ ಮುಟ್ಟಬೇಕಿಲ್ಲ. 3 ಮೀಟರ್ ಅಗಲದ ರಸ್ತೆಗೆ ನಡು ಅಂಚಿಗಿಂತ 6 ಸೆಂ.ಮೀ. ಎತ್ತರ ಬಂದರೆ ನೂರಕ್ಕೆ ನಾಲ್ಕರ ಇಳಿಜಾರು ಆಯಿತು. ನಮ್ಮ ಮಳೆಗೆ ಇದಕ್ಕಿಂತ ಕಡಿಮೆ ಬೇಡ. ಕಣ್ಣಂದಾಜು ಸಾಲದು. ಗಾರೆಯವರ ರಸಮಟ್ಟ, ಒಂದು ದಾರ ಇಟ್ಟುಕೊಂಡು ನೂರು ನೂರು ಹೆಜ್ಜೆಗೆ ಅಳೆಯಿರಿ.

ವೇಗ ಗಂಟೆಗೆ 4 ಕಿಲೋಮೀಟರ್, ನಡೆದುಹೋಗುವಷ್ಟು. ಜೋರು ಹೋದರೆ ಬ್ಲೇಡ್ ಕುಪ್ಪಳಿಸಿ ತಗಡಿನ ಶೀಟಿನಂತೆ ಅಲೆ ಬೀಳುತ್ತದೆ, ಮುಂದೆ ಬರುವ ಪ್ರತಿ ವಾಹನ ಆ ಅಲೆಯನ್ನು ಬೆಳೆಸುತ್ತದೆ. ಎರಡೂವರೆ ಕಿಲೋಮೀಟರಿಗೆ ಎರಡು ಸಲ ಹೋಗಿ ಎರಡು ಸಲ ಬಂದರೆ 10 ಕಿಲೋಮೀಟರ್, ಅಂದರೆ ಎರಡೂವರೆ ಗಂಟೆ. ಒಂದು ಬೆಳಿಗ್ಗೆಯ ಕೆಲಸ.

ರಸ್ತೆಗೆ ಒಮ್ಮೆ ಆಕಾರ ಬಂದ ಮೇಲೆ ಅದನ್ನು ಉಳಿಸಿಕೊಳ್ಳಲು ಲ್ಯಾಂಡ್ ಪ್ಲೇನ್ ಒಳ್ಳೆಯದು. ಎರಡು ಉದ್ದ ಜಾರುಪಟ್ಟಿ, ನಡುವೆ ಓರೆಯಾಗಿ ಎರಡು ಬ್ಲೇಡ್. ಜಾರುಪಟ್ಟಿ ಉದ್ದ ಇರುವುದರಿಂದ ಹೊಂಡದೊಳಗೆ ಇಳಿಯುವುದಿಲ್ಲ. ಉಬ್ಬು ಕಡಿದು ತಗ್ಗು ತುಂಬುತ್ತ ಹೋಗುತ್ತದೆ, ಹೊಸ ಡ್ರೈವರ್ ಕೈಯಲ್ಲೂ ಕೆಡುವುದಿಲ್ಲ. ಚರಂಡಿಯಿಂದ ಕಲ್ಲು ಮೇಲೆ ತರಲು ಮಾತ್ರ ಇದರಿಂದ ಆಗದು. ಸಿದ್ಧವಾಗಿ ಸಿಗುವುದು ಕಡಿಮೆ, ಆದರೆ ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ ಹಳೆ ಐ-ಬೀಮ್, ಜೆಸಿಬಿ ಬಕೆಟಿನ ಸವೆದ ಅಂಚು ಹಾಕಿ ಚೆನ್ನಾಗಿ ಮಾಡಿಕೊಡುತ್ತಾರೆ. ಅಂಚನ್ನು ವೆಲ್ಡ್ ಮಾಡಿಸಬೇಡಿ, ಬೋಲ್ಟ್ ಹಾಕಿಸಿ. ಒಂದು ಬದಿ ಸವೆದಾಗ ತಿರುಗಿಸಿ ಕೂರಿಸಬಹುದು. ಅಮೆರಿಕದ ಮಿಸೌರಿಯಲ್ಲಿ ಡಿ. ವಾರ್ಡ್ ಕಿಂಗ್ ಎಂಬ ರೈತ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಸೀಳಿದ ಮರದ ದಿಮ್ಮಿಯ ಎರಡು ಹೋಳನ್ನು ಓರೆಯಾಗಿ ಕುದುರೆಯಿಂದ ಎಳೆಸಿ, ಮಳೆ ನಿಂತ ಮೇಲೆ ತನ್ನ ಮಣ್ಣು ರಸ್ತೆ ಸರಿಮಾಡುತ್ತಿದ್ದ. ಲ್ಯಾಂಡ್ ಪ್ಲೇನ್ ಮಾಡುವುದೂ ಅದೇ ಕೆಲಸ.

ಹಳೆಯ ಹೊಂಡಕ್ಕೆ ಮೇಲಿನಿಂದ ಜಲ್ಲಿ ಸುರಿದರೆ ಮೊದಲ ಮಳೆಗೇ ಎದ್ದುಬರುತ್ತದೆ. ಹೊಂಡದ ತಳದವರೆಗೂ ನೆಲ ಸಡಿಲಿಸಿ ಮತ್ತೆ ಹಾಸಬೇಕು. ಇದಕ್ಕೆ ಬೇರೆ ಸಾಮಾನು ಕೊಳ್ಳಬೇಡಿ, ಮನೆಯ 9 ಹಲ್ಲಿನ ಕಲ್ಟಿವೇಟರಿನಲ್ಲಿ ಒಂದು ಬಿಟ್ಟು ಒಂದು ಹಲ್ಲು ಕಳಚಿ ಐದೇ ಉಳಿಸಿ. ಸ್ಪ್ರಿಂಗ್ ಇಲ್ಲದ ರಿಜಿಡ್ ಹಲ್ಲಿನದ್ದಾದರೆ ವಾಸಿ, ಸ್ಪ್ರಿಂಗಿನದ್ದು ಗಟ್ಟಿ ನೆಲದ ಮೇಲೆ ಹಿಂದಕ್ಕೆ ಮಡಚಿ ಹಾರುತ್ತದೆ. ರೋಟವೇಟರ್ ಮಾತ್ರ ರಸ್ತೆಗೆ ಇಳಿಸಲೇಬೇಡಿ. ಅದರ ಬ್ಲೇಡೂ ಹಾಳು, ರಸ್ತೆಯೂ ಹುಡಿ.

ಸುರಿಯುವ ಜಲ್ಲಿಯ ವಿಷಯವೂ ಇದಕ್ಕೆ ಸೇರಿದ್ದೇ. ಬರೀ 40 ಮಿ.ಮೀ. ಜಲ್ಲಿ ಗೋಲಿಯಂತೆ ಉರುಳುತ್ತದೆ, ಯಾವ ಬ್ಲೇಡಿಗೂ ನಿಲ್ಲುವುದಿಲ್ಲ. ಬೇಬಿ ಜಲ್ಲಿ ಎನ್ನುವ ಸಣ್ಣ ಕಲ್ಲು, ಜಲ್ಲಿ ಪುಡಿ, ಅಂಟು ಕೊಡುವಷ್ಟು ಮುರಮಣ್ಣು ಬೆರೆತರೆ ಕಚ್ಚಿ ಕೂರುತ್ತದೆ. ಗುಡ್ಡದ ಬರೆ ಕಡಿದಾಗ ಮುರಕಲ್ಲಿನ ಕೆಳಗೆ ಸಿಗುವ ಬಿಳಿ ಅಥವಾ ಹಳದಿ ಶೇಡಿ ಮಣ್ಣನ್ನು ಪುಕ್ಕಟೆ ಸಿಕ್ಕಿತೆಂದು ಹಾಕಬೇಡಿ. ಒಣಗಿದಾಗ ಗಟ್ಟಿ, ನೆನೆದರೆ ಬೆಣ್ಣೆ. ಕಿಲೋಮೀಟರಿಗೆ 3 ಮೀಟರ್ ಅಗಲ, 5 ಸೆಂ.ಮೀ. ದಪ್ಪ ಹಾಸಲು 150 ಘನ ಮೀಟರ್ ಬೇಕು, ಸುಮಾರು 53 ಯೂನಿಟ್ (ಒಂದು ಯೂನಿಟ್ ಎಂದರೆ 100 ಘನ ಅಡಿ). ಅದರ ಬಿಲ್ಲು ನೋಡಿದವರಿಗೆ ಅಂಚಿನ ಜಲ್ಲಿಯ ಬೆಲೆ ತಿಳಿಯುತ್ತದೆ. ರೋಲರ್ ಇಲ್ಲದಿದ್ದರೆ ಟ್ರೈಲರಿನಲ್ಲಿ ಲೋಡು ತುಂಬಿ, ಪ್ರತಿ ಸಲ ಒಂದು ಗೇಣು ಸರಿದು ಓಡಿಸಿ. ಪರವಾಗಿಲ್ಲ ಎನ್ನುವಷ್ಟು ಕೂರುತ್ತದೆ.

ಕಾಲ ಎರಡೇ. ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದು ನೆಲ ಹದವಾದಾಗ ಒಮ್ಮೆ, ಅಕ್ಟೋಬರಿನಲ್ಲಿ ತೇವ ಆರುವ ಮೊದಲು ಇನ್ನೊಮ್ಮೆ. ಒಣ ನೆಲ ಕೆರೆದರೆ ಧೂಳಾಗಿ ಹಾರುವುದು ಕಲ್ಲನ್ನು ಹಿಡಿದಿಡುವ ಪುಡಿಯೇ. ಜೂನ್‌ನಿಂದ ಆಗಸ್ಟ್‌ವರೆಗೆ ಬ್ಲೇಡ್ ಶೆಡ್ಡಿನಲ್ಲಿರಲಿ. ಆಗಿನ ಕೆಲಸ ಚರಂಡಿಯದ್ದು, ಮೋರಿಯ ಬಾಯಿಯದ್ದು.

ಹೆಬ್ರಿಯ ಆ ರಸ್ತೆಗೆ ನಾವು ಆ ವರ್ಷ ಒಂದು ಲೋಡು ಜಲ್ಲಿಯನ್ನೂ ತರಿಸಲಿಲ್ಲ. ಬಾಡಿಗೆಗೆ 7 ಅಡಿ ಬ್ಲೇಡ್ ತಂದು ಎರಡು ದಿನ ಎಳೆದೆವು, ಇಳಿಜಾರಿನಲ್ಲಿ ನೀರು ಬದಿಗೆ ಹೋಗಲು ಮೂರು ಕಡೆ ಅಡ್ಡಕಣಿ ತೆಗೆದೆವು. ಮರುವರ್ಷ ಜುಲೈಯಲ್ಲಿ ಮಳೆ ಹೊಯ್ಯುತ್ತಿರುವಾಗಲೇ ಹೋಗಿ ನೋಡಿದೆ. ನೀರು ನಡುವಿನಿಂದ ಎರಡೂ ಬದಿಗೆ ತೆಳ್ಳಗೆ ಹರಿದು ಚರಂಡಿಗೆ ಬೀಳುತ್ತಿತ್ತು. ಒಂದು ತಿರುವಿನಲ್ಲಿ ಮಾತ್ರ ಹತ್ತು ಹೆಜ್ಜೆ ಉದ್ದಕ್ಕೆ ನೀರು ನಿಂತಿತ್ತು. ಅಲ್ಲಿ ನಾವು ದಾರ ಹಿಡಿದು ಅಳೆದಿರಲಿಲ್ಲ.