ಮೋಸಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು?

ಕೋಲಾರದಲ್ಲಿ ವಕೀಲಿ ಮಾಡುವ ನನ್ನೆದುರು ಕುಳಿತೊಡನೆ ಕಕ್ಷಿದಾರರು ಆಡುವ ಮಾತು, ‘ಸಾರ್, ಮೋಸ ಆಗೈತೆ, ಚೀಟಿಂಗ್ ಕೇಸ್ ಹಾಕಿ’ ಎಂಬುದು. ಮೋಸ ಎಂಬ ನಮ್ಮ ಪದದ ಹರವು ದೊಡ್ಡದು. ಇಂಗ್ಲಿಷಿನಲ್ಲಿ ರೂಪುಗೊಂಡ ನಮ್ಮ ಅಪರಾಧ ಕಾನೂನು ಅದನ್ನೇ ಹಲವು ಹೆಸರುಗಳಲ್ಲಿ ಬಿಡಿಸಿ ನೋಡುತ್ತದೆ. ದೂರಿನಲ್ಲಿ ತಪ್ಪು ಹೆಸರು ಬಿದ್ದರೆ ನಿಜವಾಗಿ ನೊಂದವರ ಪ್ರಕರಣವೂ ನಿಲ್ಲದೆ ಹೋಗಬಹುದು.

ಈಚೆಗೆ ಟೊಮೆಟೊ ಬೆಳೆಗಾರರೊಬ್ಬರು ನಾಲ್ಕಾಗಿ ಮಡಚಿದ ಬಿಳಿ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಬಾಕ್ಸಿನ ಲೆಕ್ಕ ಮತ್ತು ದರ ಬರೆದಿತ್ತು, ಸಹಿ ಇರಲಿಲ್ಲ. ಮಡಿಕೆಯ ಗೆರೆಯಲ್ಲಿ ಬೆವರಿಗೆ ಶಾಯಿ ಹರಡಿತ್ತು. ಕೊಂಡವನು ಹಣ ಕೊಡುವ ಇರಾದೆಯೇ ಇಲ್ಲದೆ, ಸುಳ್ಳು ಹೇಳಿ ಮಾಲು ಎತ್ತಿದ್ದರೆ ಅದು ಚೀಟಿಂಗ್: ಹಿಂದಿನ ದಂಡಸಂಹಿತೆಯ 420ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ರೈತನ ಪರವಾಗಿ ಮಾರಿಕೊಡಲು ಒಪ್ಪಿಕೊಂಡ ಮಂಡಿಯವನು ಬಂದ ಹಣವನ್ನು ದುರುದ್ದೇಶದಿಂದ ತಾನೇ ನುಂಗಿದ್ದರೆ ಅದು ಬ್ರೀಚ್ ಆಫ್ ಟ್ರಸ್ಟ್, ಅಂದರೆ ನಂಬಿಕೆ ದ್ರೋಹ, 316ನೇ ಕಲಂ. ಮೊದಲನೆಯದರಲ್ಲಿ ಕೆಟ್ಟ ಉದ್ದೇಶ ಆರಂಭದಲ್ಲೇ ಇರಬೇಕು. ಎರಡನೆಯದರಲ್ಲಿ ವಸ್ತು ನಂಬಿಕೆಯ ಮೇಲೆ ಕೈಸೇರಿದ ಬಳಿಕ ಮನಸ್ಸು ಕೆಡುತ್ತದೆ. ಒಂದೇ ಸಂಗತಿಗೆ ಇವೆರಡನ್ನೂ ಒಟ್ಟಿಗೆ ಹೊರಿಸಲಾಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದ ಮೇಲೂ ಎರಡನ್ನೂ ಸೇರಿಸಿ ಬರೆದ ದೂರುಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ.

‘ಡಿಸಾನೆಸ್ಟ್’ ಎಂಬುದು ಆಡುಮಾತಿನಲ್ಲಿ ಯಾವ ಸುಳ್ಳುಗಾರನಿಗೂ ಸಲ್ಲುತ್ತದೆ. ಕಾನೂನಿನಲ್ಲಿ ಮಾತ್ರ ಒಬ್ಬರಿಗೆ ಅಕ್ರಮ ಲಾಭ ಅಥವಾ ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವ ಉದ್ದೇಶವಿರಬೇಕು.

‘ಕರಪ್ಷನ್’ ಪದದ ಲ್ಯಾಟಿನ್ ಮೂಲದಲ್ಲಿರುವುದು ಒಡೆಯುವ ಕ್ರಿಯೆ. ಅದಕ್ಕೆ ನಾವು ಬಳಸುವ ಭ್ರಷ್ಟಾಚಾರದ ‘ಭ್ರಷ್ಟ’ ಎಂದರೆ ಇದ್ದ ಸ್ಥಾನದಿಂದ ಜಾರಿದ್ದು. ‘ಮಾರಲ್ ಟರ್ಪಿಟ್ಯೂಡ್’ನ ಮೂಲಾರ್ಥ ಕುರೂಪ, ಆದರೆ ನಮ್ಮ ಆದೇಶಗಳಲ್ಲಿ ಅದು ‘ನೈತಿಕ ಅಧಃಪತನ’ವಾಗಿ ಮತ್ತೆ ಬೀಳುವಿಕೆಯೇ ಆಗಿದೆ. ನ್ಯಾಯ ಸಂಹಿತೆಯಲ್ಲಿ ವ್ಯಾಖ್ಯಾನವೇ ಇಲ್ಲದ ಈ ಪದ ಸರ್ಕಾರಿ ನೌಕರನ ಕೆಲಸವನ್ನೇ ಕಳೆಯಬಲ್ಲದಾದ್ದರಿಂದ ಅದನ್ನು ಹಗುರವಾಗಿ ಬಳಸಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಆ ಬೆಳೆಗಾರರನ್ನು ನಾನು ಕೇಳಿದ್ದು, ‘ಇದಕ್ಕೆ ಮುಂಚೆ ಅವನು ದುಡ್ಡು ಕೊಟ್ಟಿದ್ದನೇ?’ ಎಂದು. ಮೂರು ಸಲ ಸರಿಯಾಗಿ ಕೊಟ್ಟಿದ್ದನಂತೆ. ನಾಲ್ಕನೆಯ ಸಲ ದರ ಕುಸಿದಿತ್ತು, ಹಣ ಬರಲಿಲ್ಲ. ಹಾಗಾಗಿ ಆರಂಭದಲ್ಲೇ ಕೆಟ್ಟ ಉದ್ದೇಶವಿತ್ತೆಂದು ತೋರಿಸುವುದು ಕಷ್ಟ, ಚೀಟಿಂಗ್ ನಿಲ್ಲುವುದಿಲ್ಲ. ಮಾಲು ನೇರವಾಗಿ ಅವನಿಗೇ ಮಾರಾಟವಾಗಿದ್ದುದರಿಂದ ನಂಬಿಕೆ ದ್ರೋಹವೂ ಆಗುವುದಿಲ್ಲ. ಚೀಟಿಯಲ್ಲಿದ್ದ ತಾರೀಖನ್ನು ಬರೆದುಕೊಂಡು, ಮೂರು ವರ್ಷದ ಕಾಲಮಿತಿ ಮೀರುವ ಮೊದಲೇ ಹಣ ವಸೂಲಿಗೆ ಸಿವಿಲ್ ದಾವೆ ಹೂಡೋಣವೆಂದು ತಿಳಿಸಿದೆ.