126 ಪೌಂಡ್ ಸರಿ, ಆದರೆ ಯಾವ ಹೊತ್ತಿನ ತಕ್ಕಡಿ?

ಮಂಗಳೂರಿನ ನೆಹರೂ ಮೈದಾನದ ಬದಿಯಲ್ಲಿ ಸಂಜೆ ಸೇರುವ ನಮ್ಮ ಗೆಳೆಯರ ಗುಂಪಿನಲ್ಲಿ ಫೆದರ್‌ವೇಟ್, ಅಂದರೆ 126 ಪೌಂಡ್ ತೂಕಮಿತಿಯ, ಬಾಕ್ಸಿಂಗ್‌ನ ಮಾತು ಬಂದರೆ ಅದು ಬೇಗ ಮುಗಿಯುವುದಿಲ್ಲ. ಬಹುಕಾಲ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದ ಹಿರಿಯರೊಬ್ಬರಿಗೆ ಯೆಮನ್ ಮೂಲದ ಬ್ರಿಟಿಷ್ ಬಾಕ್ಸರ್ ನಸೀಮ್ ಹಮೀದ್ ಅವರೇ ಎಲ್ಲ ಕಾಲಕ್ಕೂ ಮೊದಲಿಗರು. ಅವರ ಪಂದ್ಯವಿದ್ದ ರಾತ್ರಿ ಇಡೀ ಕ್ಯಾಂಪ್ ಟಿ.ವಿ. ಮುಂದೆ ಕೂರುತ್ತಿದ್ದುದನ್ನು ಅವರು ಇಂದಿಗೂ ವರ್ಣಿಸುತ್ತಾರೆ. ಬಾಕ್ಸಿಂಗ್ ಕಲಿಯುತ್ತಿರುವ ಹುಡುಗರು ಮೆಕ್ಸಿಕೊದ ಸಾಲ್ವಡೋರ್ ಸ್ಯಾಂಚೆಜ್ ಅವರ ಹೆಸರು ಹೇಳುತ್ತಾರೆ. ಹಳೆಯ ದಾಖಲೆ ಓದಿದವರು ಅಮೆರಿಕದ ವಿಲ್ಲಿ ಪೆಪ್ ಅವರನ್ನು ಬಿಟ್ಟುಕೊಡುವುದಿಲ್ಲ. ಒಂದೇ ರಿಂಗ್‌ಗೆ ಎಂದೂ ಇಳಿಯದ ಇವರಲ್ಲಿ ಗೆಲ್ಲುವವರು ಯಾರು ಎಂಬ ಈ ವಾದ ಇಷ್ಟು ಗೋಜಲಾಗಲು ಕಾರಣವಿದೆ. ಒಬ್ಬೊಬ್ಬರೂ ಮನಸ್ಸಿನಲ್ಲಿ ನಡೆಸುತ್ತಿರುವ ಪಂದ್ಯದ ನಿಯಮಗಳೇ ಬೇರೆ ಬೇರೆ.

ಫೆದರ್‌ವೇಟ್ ಎಂಬ ಹೆಸರು ಹಳೆಯದು. ಅದರ ತೂಕ ಮಾತ್ರ ಮೊದಲಿನಿಂದ ಒಂದೇ ಆಗಿರಲಿಲ್ಲ. ಕೆನಡಾದಲ್ಲಿ ಹುಟ್ಟಿದ ಜಾರ್ಜ್ ಡಿಕ್ಸನ್ 1890ರ ದಶಕದಲ್ಲಿ ಈ ಪಟ್ಟ ಧರಿಸಿದ್ದಾಗ ಮಿತಿ ಆಗಾಗ ಬದಲಾಗುತ್ತಿತ್ತು, 126 ಪೌಂಡ್, ಅಂದರೆ 57 ಕಿಲೊಗಿಂತ ತುಸು ಹೆಚ್ಚು, ಎಂಬುದು ನೆಲೆಗೊಂಡದ್ದು 1920ರಲ್ಲಿ ಬಾಕ್ಸಿಂಗ್ ಅನ್ನು ನಿಯಮಕ್ಕೆ ಒಳಪಡಿಸಿದ ನ್ಯೂಯಾರ್ಕ್‌ನ ವಾಕರ್ ಕಾನೂನು ಬಂದ ಕಾಲಕ್ಕೆ. ಗೆಲುವಿನ ಅರ್ಥವೂ ಆಗ ಬೇರೆಯಾಗಿತ್ತು. 1909ರಲ್ಲಿ ನ್ಯೂಯಾರ್ಕ್‌ನಲ್ಲಿ ವೇಲ್ಸ್‌ನ ಜೆಮ್ ಡ್ರಿಸ್ಕಾಲ್, ಚಾಂಪಿಯನ್ ಏಬ್ ಆಟೆಲ್ ಅವರನ್ನು ಹತ್ತು ಸುತ್ತು ಮೀರಿಸಿ ಆಡಿದರೆಂದು ಪತ್ರಿಕೆಗಳು ಬರೆದವು. ನಾಕೌಟ್ ಆಗದ ಪಂದ್ಯಕ್ಕೆ ಅಧಿಕೃತ ತೀರ್ಪು ಇರಲಿಲ್ಲವಾದ್ದರಿಂದ ಪಟ್ಟ ಆಟೆಲ್ ಬಳಿಯೇ ಉಳಿಯಿತು. 1912ರಲ್ಲಿ ಆ ಪಟ್ಟ ಗೆದ್ದ ಜಾನಿ ಕಿಲ್ಬೇನ್ ಅದನ್ನು 1923ರವರೆಗೆ ಇಟ್ಟುಕೊಂಡರು. ಹನ್ನೊಂದು ವರ್ಷ ಎಂಬ ಅಂಕಿಯನ್ನು ಇಂದಿನ ಚಾಂಪಿಯನ್ನರ ಅಂಕಿಯ ಪಕ್ಕದಲ್ಲಿ ಇಡುವವರು ಈ ಹಿನ್ನೆಲೆಯನ್ನೂ ಜತೆಗೆ ಇಡಬೇಕಾಗುತ್ತದೆ.

ಕಾಲಗಳನ್ನು ಹೋಲಿಸುವ ಹವ್ಯಾಸಕ್ಕೆ ಪಟ್ಟಿಯ ರೂಪ ಕೊಟ್ಟವರಲ್ಲಿ ಪ್ರಮುಖರು 1922ರಲ್ಲಿ 'ದ ರಿಂಗ್' ಪತ್ರಿಕೆ ಆರಂಭಿಸಿದ ನ್ಯಾಟ್ ಫ್ಲೈಷರ್. ಅವರ ಸಾರ್ವಕಾಲಿಕ ಫೆದರ್‌ವೇಟ್ ಪಟ್ಟಿಯಲ್ಲಿ 1900ರಲ್ಲಿ ಡಿಕ್ಸನ್ ಅವರನ್ನು ಸೋಲಿಸಿದ ಟೆರಿ ಮೆಕ್‌ಗವರ್ನ್ ಮೊದಲು, ಡ್ರಿಸ್ಕಾಲ್ ಎರಡನೆಯವರು, ಆಟೆಲ್ ಮೂರನೆಯವರು. ಪೆಪ್ ಬಂದದ್ದು ನಾಲ್ಕನೆಯ ಸ್ಥಾನದಲ್ಲಿ. ಎಳವೆಯಲ್ಲಿ ಕಂಡ ವೀರರೇ ದೊಡ್ಡವರಾಗಿ ಕಾಣುವುದು ಸಹಜ, ಯಕ್ಷಗಾನದ ಹಳೆಯ ವೇಷಧಾರಿಗಳ ಬಗ್ಗೆ ನಮ್ಮ ಹಿರಿಯರೂ ಹೀಗೆಯೇ ಮಾತಾಡುತ್ತಾರೆ. 1960ರ ದಶಕದ ಕೊನೆಗೆ ಈ ಕೆಲಸವನ್ನು ಕಂಪ್ಯೂಟರ್‌ಗೆ ವಹಿಸಲಾಯಿತು. ಮಯಾಮಿಯ ಮರ್ರಿ ವೊರೋನರ್ ಹೆವಿವೇಟ್ ಚಾಂಪಿಯನ್ನರ ಕಾಲ್ಪನಿಕ ಟೂರ್ನಿಯೊಂದನ್ನು ರೇಡಿಯೊದಲ್ಲಿ ಪ್ರಸಾರ ಮಾಡಿದರು. ಅದರಲ್ಲಿ ಜಿಮ್ ಜೆಫ್ರೀಸ್ ಎದುರು ಸೋತರೆಂದು ಸಾರಲ್ಪಟ್ಟ ಮುಹಮ್ಮದ್ ಅಲಿ ಹತ್ತು ಲಕ್ಷ ಡಾಲರ್ ದಾವೆ ಹೂಡಿದರು. ಕೊನೆಗೆ ರಾಜಿಯಾಗಿ, ಅಲಿ ಮತ್ತು ರಾಕಿ ಮಾರ್ಸಿಯಾನೊ ಕ್ಯಾಮೆರಾ ಮುಂದೆ ಸೆಣಸುವಂತೆ ನಟಿಸಿದರು. 1970ರ ಜನವರಿಯಲ್ಲಿ ಚಿತ್ರ ತೆರೆಗೆ ಬಂದಾಗ ಅಮೆರಿಕದ ಪ್ರೇಕ್ಷಕರು ಕಂಡದ್ದು ಮಾರ್ಸಿಯಾನೊ ಗೆಲುವು. ಯುರೋಪಿನಲ್ಲಿ ಅಲಿ ಗೆಲ್ಲುವ ಆವೃತ್ತಿಯೂ ಪ್ರಸಾರವಾಯಿತು. ಯಂತ್ರದ ತೀರ್ಪು ಸಮುದ್ರ ದಾಟುವಷ್ಟರಲ್ಲಿ ಬದಲಾದದ್ದನ್ನು ಕಂಡ ಮೇಲೂ ಇಂಥ ಲೆಕ್ಕಗಳನ್ನು ಪೂರ್ತಿ ನಂಬುವುದು ನನಗೆ ಕಷ್ಟ.

ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಪೆಪ್ ಮತ್ತು ಸ್ಯಾಂಡಿ ಸ್ಯಾಡ್ಲರ್ ಅವರ ನಡುವಿನ ನಾಲ್ಕು ಪಂದ್ಯಗಳನ್ನು. ಇಲ್ಲಿ ಊಹೆಯ ಅಗತ್ಯವೇ ಇಲ್ಲ, ಫೆದರ್‌ವೇಟ್‌ನ ಅತಿ ದೊಡ್ಡ ಹೆಸರುಗಳಲ್ಲಿ ಎರಡು ನಿಜವಾಗಿಯೇ ಎದುರುಬದುರಾದವು. ಪೆಪ್ 1942ರ ನವೆಂಬರ್‌ನಲ್ಲಿ ಇಪ್ಪತ್ತರ ಹರೆಯದಲ್ಲಿ ಚಾಂಪಿಯನ್ ಆದವರು. ಮೊದಲ 62 ಪಂದ್ಯಗಳನ್ನು ಸತತವಾಗಿ ಗೆದ್ದು, ಸ್ಯಾಮಿ ಆ್ಯಂಗಟ್ ಎದುರು ಒಮ್ಮೆ ಸೋತು, ಮತ್ತೆ 73 ಪಂದ್ಯಗಳಲ್ಲಿ ಸೋಲು ಕಾಣದೆ ನಡೆದರು. ಹೊಡೆಯುವುದಕ್ಕಿಂತ ಹೊಡೆತ ತಪ್ಪಿಸಿಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. 1946ರಲ್ಲಿ ಜಾಕಿ ಗ್ರೇವ್ಸ್ ಎದುರು ಒಂದೇ ಒಂದು ಏಟು ಹಾಕದೆ ಅವರು ಒಂದು ಸುತ್ತನ್ನು ಗೆದ್ದರೆಂಬ ಕಥೆ ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತದೆ, ಅದನ್ನು ಖಚಿತಪಡಿಸುವ ಚಿತ್ರಸುರುಳಿ ಮಾತ್ರ ಇಲ್ಲ.

1947ರ ಜನವರಿಯಲ್ಲಿ ಪೆಪ್ ಪ್ರಯಾಣಿಸುತ್ತಿದ್ದ ವಿಮಾನ ನ್ಯೂಜೆರ್ಸಿಯಲ್ಲಿ ಅಪಘಾತಕ್ಕೀಡಾಗಿ ಅವರ ಬೆನ್ನು ಮತ್ತು ಕಾಲಿನ ಮೂಳೆಗಳು ಮುರಿದವು. ಅದೇ ಜೂನ್‌ನಲ್ಲಿ ಅವರು ಮತ್ತೆ ರಿಂಗ್‌ಗೆ ಇಳಿದರು. ಸ್ಯಾಡ್ಲರ್ ಎದುರಾದದ್ದು ಇದಾದ ಮೇಲೆ. 1948ರ ಅಕ್ಟೋಬರ್‌ನಲ್ಲಿ, ಪೆಪ್‌ಗಿಂತ ಮೂರು ಇಂಚಿನಷ್ಟು ಎತ್ತರದ, ಉದ್ದ ತೋಳಿನ ಈ ಬಾಕ್ಸರ್ ನಾಲ್ಕನೆಯ ಸುತ್ತಿನಲ್ಲಿ ಅವರನ್ನು ನಾಕೌಟ್ ಮಾಡಿದರು. 1949ರ ಫೆಬ್ರುವರಿಯಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪೆಪ್ ಹದಿನೈದು ಸುತ್ತು ಆಡಿ, ಕಣ್ಣ ಸುತ್ತ ಗಾಯವಾದರೂ ಅಂಕಗಳ ಮೇಲೆ ಪಟ್ಟ ಮರಳಿ ಪಡೆದರು. ಅದು ಈ ವಿಭಾಗದ ಅತ್ಯುತ್ತಮ ಪಂದ್ಯಗಳಲ್ಲಿ ಒಂದು. 1950ರಲ್ಲಿ ಭುಜ ಜಾರಿದ ಕಾರಣ ಏಳನೆಯ ಸುತ್ತಿನ ಬಳಿಕ ಪೆಪ್ ಎದ್ದು ಬರಲಿಲ್ಲ. 1951ರ ಸೆಪ್ಟೆಂಬರ್‌ನ ನಾಲ್ಕನೆಯ ಪಂದ್ಯದಲ್ಲಿ ಹಿಡಿದೆಳೆಯುವುದು, ಕಾಲು ಕೊಟ್ಟು ಬೀಳಿಸುವುದು, ಹೆಬ್ಬೆರಳಿನಿಂದ ಕಣ್ಣಿಗೆ ತಿವಿಯುವುದು ಎಲ್ಲವೂ ನಡೆದು, ಒಂಬತ್ತು ಸುತ್ತುಗಳ ಬಳಿಕ ಪೆಪ್ ಆ ಪಂದ್ಯದಿಂದ ಹಿಂದೆ ಸರಿದರು. ನ್ಯೂಯಾರ್ಕ್‌ನ ಬಾಕ್ಸಿಂಗ್ ಆಯೋಗ ಇಬ್ಬರ ಮೇಲೂ ಕ್ರಮ ಕೈಗೊಂಡಿತು.

ನಾಲ್ಕರಲ್ಲಿ ಮೂರು ಸ್ಯಾಡ್ಲರ್ ಗೆದ್ದರು. ಆದರೂ ಬಹುಪಾಲು ಪಟ್ಟಿಗಳಲ್ಲಿ ಪೆಪ್ ಮೇಲೆ, ಸ್ಯಾಡ್ಲರ್ ಕೆಳಗೆ. ಅಪಘಾತಕ್ಕೆ ಮೊದಲಿನ ಪೆಪ್ ಆಗಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು ಎಂಬುದು ಇದಕ್ಕೆ ಕೊಡುವ ವಿವರಣೆ. ಇರಬಹುದು. ಆದರೆ ಆ ಮೊದಲಿನ ಪೆಪ್ ಅವರ ಚಿತ್ರಸುರುಳಿಗಳು ಉಳಿದಿರುವುದು ತೀರಾ ಕಡಿಮೆ, ನಾವು ನೋಡಬಲ್ಲದ್ದು ಹೆಚ್ಚಾಗಿ ಅಪಘಾತದ ನಂತರದ ಪೆಪ್ ಅವರನ್ನೇ. ನೂರಕ್ಕೂ ಹೆಚ್ಚು ನಾಕೌಟ್ ಗೆಲುವುಗಳಿರುವ, ಎದುರಾಳಿಯನ್ನು ರಿಂಗ್‌ನ ಮೂಲೆಗೆ ಅಟ್ಟುವ ಕಲೆಯನ್ನು ಅಷ್ಟು ಎಚ್ಚರದಿಂದ ಬೆಳೆಸಿಕೊಂಡಿದ್ದ ಸ್ಯಾಡ್ಲರ್ ಅವರನ್ನು ಬರೀ ಒರಟ ಎಂದು ಕರೆದು ಮುಂದೆ ಹೋಗುವುದು ನ್ಯಾಯವೆನಿಸುವುದಿಲ್ಲ. ನಿಜವಾಗಿ ನಡೆದ ನಾಲ್ಕು ಪಂದ್ಯಗಳೂ ತೀರ್ಮಾನಿಸದ ಪ್ರಶ್ನೆಯನ್ನು ನಡೆಯದ ಪಂದ್ಯದಿಂದ ತೀರ್ಮಾನಿಸಹೊರಟಿದ್ದೇವೆ.

ಮುಂದಿನ ದೊಡ್ಡ ತಿರುವು 1982. ಆ ವರ್ಷದ ಜುಲೈ 21ರಂದು ಸ್ಯಾಂಚೆಜ್, ಬದಲಿಯಾಗಿ ಬಂದಿದ್ದ ಘಾನಾದ ಅಜುಮಾ ನೆಲ್ಸನ್ ಅವರನ್ನು ಹದಿನೈದನೆಯ ಸುತ್ತಿನಲ್ಲಿ ಮಣಿಸಿದರು. ಆಗಸ್ಟ್ 12ರಂದು, 23ನೇ ವಯಸ್ಸಿನಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡರು. ನವೆಂಬರ್‌ನಲ್ಲಿ ಲೈಟ್‌ವೇಟ್ ಪಂದ್ಯವೊಂದರ ಹದಿನಾಲ್ಕನೆಯ ಸುತ್ತಿನಲ್ಲಿ ಕುಸಿದ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಕೆಲವೇ ದಿನಗಳಲ್ಲಿ ಮೃತಪಟ್ಟರು. ಅದರ ಬೆನ್ನಿಗೆ ವಿಶ್ವ ಬಾಕ್ಸಿಂಗ್ ಮಂಡಳಿ ಪಟ್ಟದ ಪಂದ್ಯಗಳನ್ನು ಹನ್ನೆರಡು ಸುತ್ತಿಗೆ ಇಳಿಸಿತು, ಆ ದಶಕ ಮುಗಿಯುವುದರೊಳಗೆ ಉಳಿದ ಸಂಸ್ಥೆಗಳೂ ಅದನ್ನೇ ಅನುಸರಿಸಿದವು. ಇದು ಬೇಕಾಗಿದ್ದ ಬದಲಾವಣೆ, ಜೀವಕ್ಕಿಂತ ದೊಡ್ಡ ಸುತ್ತಿಲ್ಲ. ಆದರೆ ಹೋಲಿಕೆಯ ಮಟ್ಟಿಗೆ ನಷ್ಟವೂ ಆಯಿತು: ಸ್ಯಾಂಚೆಜ್ ಅವರು ನೆಲ್ಸನ್ ಅವರನ್ನು ಮಣಿಸಿದ ಆ ಹದಿನೈದನೆಯ ಸುತ್ತು ಇಂದಿನ ನಿಯಮದಲ್ಲಿ ಇಲ್ಲವೇ ಇಲ್ಲ.

ಅದೇ ದಶಕದಲ್ಲಿ ತೂಕ ನೋಡುವ ಹೊತ್ತೂ ಪಂದ್ಯದ ದಿನದಿಂದ ಹಿಂದಿನ ದಿನಕ್ಕೆ ಸರಿಯಿತು. ಇದರ ಪರಿಣಾಮ ಸುತ್ತುಗಳದ್ದಕ್ಕಿಂತ ಆಳವಾದುದೆಂದು ನಾನು ಭಾವಿಸುತ್ತೇನೆ. ಪೆಪ್ 126 ಪೌಂಡ್ ತೂಗಿದ ದಿನವೇ ರಿಂಗ್‌ಗೆ ಇಳಿಯಬೇಕಿತ್ತು. ಇಂದಿನವರು ದೇಹದ ನೀರು ಬಸಿದು ತಕ್ಕಡಿ ದಾಟಿ, ಒಂದು ರಾತ್ರಿ ಉಂಡು ಕುಡಿದು, ಹಲವು ಪೌಂಡ್ ಹೆಚ್ಚಿಸಿಕೊಂಡು ಇಳಿಯುತ್ತಾರೆ. ಇದರೊಡನೆ ಎಂಟಿದ್ದ ತೂಕ ವಿಭಾಗಗಳು ಹದಿನೇಳಾದವು, ಒಂದು ಪಟ್ಟ ನಾಲ್ಕು ಸಂಸ್ಥೆಗಳಲ್ಲಿ ಹಂಚಿಹೋಯಿತು.

ಕಂಬಳ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೇಗಿಲು ಕಿರಿಯ ವಿಭಾಗದ ಕೋಣಗಳನ್ನು ಹಗ್ಗ ಹಿರಿಯದ ಜತೆ ಯಾರೂ ತೂಗುವುದಿಲ್ಲ. ಒಂದು ಊರಿನ ಕರೆಯ, ಅಂದರೆ ಕೋಣಗಳು ಓಡುವ ಕೆಸರಿನ ಓಟದ ಹಾದಿಯ, ಉದ್ದ ಇನ್ನೊಂದು ಊರಿನದ್ದಲ್ಲ. ಆದರೂ 2020ರ ಫೆಬ್ರುವರಿಯಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಐಕಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡ್‌ಗಳಲ್ಲಿ ಓಡಿದಾಗ, ಅದನ್ನು ಭಾಗಿಸಿ 100 ಮೀಟರ್‌ಗೆ 9.55 ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್ ಅವರ 9.58ರ ಪಕ್ಕದಲ್ಲಿಟ್ಟರು. ಮುಂದೆ ಎಳೆದೊಯ್ಯುವ ಕೋಣಗಳು ಆ ಭಾಗಾಕಾರದಲ್ಲಿ ಎಲ್ಲಿಯೂ ಬರಲಿಲ್ಲ. ಈ ಹೋಲಿಕೆಯನ್ನು ಹಿಗ್ಗದೆ ಪಕ್ಕಕ್ಕೆ ಸರಿಸಿದವರು ಗೌಡರೇ.

ಇನ್ನು ಹಮೀದ್. 1995ರಲ್ಲಿ ಪಟ್ಟ ಗೆದ್ದು ಹದಿನೈದು ಬಾರಿ ಉಳಿಸಿಕೊಂಡ ಅವರ ಎಡಗೈಯ ಬಲ ಯಾವ ಕಾಲದವರನ್ನೂ ಮಲಗಿಸಬಲ್ಲದಾಗಿತ್ತು, ಇದರಲ್ಲಿ ನಮ್ಮ ಹಿರಿಯರ ಮಾತು ಸುಳ್ಳಲ್ಲ. 2001ರ ಏಪ್ರಿಲ್‌ನಲ್ಲಿ ಮಾರ್ಕೊ ಆಂಟೋನಿಯೊ ಬರೇರಾ ತಾಳ್ಮೆಯಿಂದ ಹನ್ನೆರಡು ಸುತ್ತು ಆಡಿ ಅವರನ್ನು ಸೋಲಿಸಿದರು. ಆ ಬರೇರಾ ಅವರನ್ನು 2003ರಲ್ಲಿ ಮ್ಯಾನಿ ಪಕಿಯಾವೊ ಹನ್ನೊಂದನೆಯ ಸುತ್ತಿನಲ್ಲಿ ನಿಲ್ಲಿಸಿದರು. ಈ ಸರಪಳಿ ಹಿಡಿದು ಸ್ಯಾಂಚೆಜ್ ಅವರವರೆಗೆ ಹೋಗಲು ಬರುವುದಿಲ್ಲ, ನಡುವಿನ ಕೊಂಡಿಗಳೇ ಇಲ್ಲ.

ಆದ್ದರಿಂದ ಕಳೆದ ವಾರ ನಾವು ಹೆಸರುಗಳನ್ನು ಬದಿಗಿಟ್ಟು ಷರತ್ತುಗಳಿಂದ ಮೊದಲು ಮಾಡಿದೆವು. ಹಮೀದ್ ಮತ್ತು ಸ್ಯಾಂಚೆಜ್, ಒಬ್ಬನೇ ಚಾಂಪಿಯನ್ ಎಂಬ ಪಟ್ಟ, ಹದಿನೈದು ಸುತ್ತು. ಇಷ್ಟಕ್ಕೆ ಹಿರಿಯರು ಒಪ್ಪಿದರು. ತೂಕ ನೋಡುವುದು ಪಂದ್ಯದ ದಿನ ಬೆಳಿಗ್ಗೆ ಎಂದಾಗ, ಕೊನೆಯ ವರ್ಷಗಳಲ್ಲಿ ಹಮೀದ್ ತೂಕ ಇಳಿಸಲು ಪಟ್ಟ ಪಾಡನ್ನು ಚೆನ್ನಾಗಿ ಬಲ್ಲ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ, ಅದೊಂದನ್ನು ನಾಳೆ ಮಾತಾಡುವ ಎಂದು ಎದ್ದರು.